ಮೂರು ಲಿಪಿಯ ರಾಜ: ಪಲೆರ್ಮೊದ ಅರಬ್-ನಾರ್ಮನ್ ಕಟ್ಟಡಗಳನ್ನು ಓದುವುದು ಹೇಗೆ

ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಮಾರ್ತೊರಾನಾ ಅಂತ ಒಂದು ಚರ್ಚ್ ಇದೆ. ಅದರೊಳಗೆ ಒಂದು ಮೊಸಾಯಿಕ್ ಚಿತ್ರ, ಅಂದರೆ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ್ದು. ಬಂಗಾರದ ಹಿನ್ನೆಲೆಯಲ್ಲಿ ಕ್ರಿಸ್ತ ತುಸು ಎತ್ತರದಲ್ಲಿ ನಿಂತು, ಕೈ ಚಾಚಿ ಒಬ್ಬ ರಾಜನ ತಲೆಗೆ ಕಿರೀಟ ಇಡುತ್ತಿದ್ದಾನೆ. ರಾಜ ತಲೆ ಬಾಗಿಸಿದ್ದಾನೆ. ಉದ್ದ ಕೂದಲು, ಗಡ್ಡ, ನೀಳ ಮೂಗು. ಇಬ್ಬರೂ ಅಣ್ಣತಮ್ಮಂದಿರೇನೋ ಅನ್ನಿಸುವಷ್ಟು ಹೋಲಿಕೆ. ರಾಜನ ಉಡುಪು ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಚಕ್ರವರ್ತಿ ತೊಡುವಂಥದ್ದು. ತಲೆಯ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಹೆಸರಿದೆ: ರೋಗೆರಿಯೋಸ್ ರೆಕ್ಸ್. ಅಂದರೆ ರಾಜ ರೋಜರ್.

ಆ ಎರಡನೇ ಪದದಲ್ಲೇ ಸ್ವಾರಸ್ಯ ಇರುವುದು. 'ರೆಕ್ಸ್' ಗ್ರೀಕ್ ಪದವಲ್ಲ, ಲ್ಯಾಟಿನ್. ನಾವು 'ಬಸ್ ಸ್ಟ್ಯಾಂಡ್' ಅಂತ ಕನ್ನಡ ಅಕ್ಷರದಲ್ಲಿ ಬರೆಯುತ್ತೇವಲ್ಲ, ಹಾಗೆ. ಗ್ರೀಕ್‌ನಲ್ಲಿ ರಾಜ ಅನ್ನುವುದಕ್ಕೆ ಪದ ಇರಲಿಲ್ಲ ಅಂತಲ್ಲ. 'ಬಸಿಲೆಯುಸ್' ಅಂತ ಇತ್ತು. ಆದರೆ ಅದನ್ನು ಕಾನ್‌ಸ್ಟಾಂಟಿನೋಪಲ್‌ನವರು ತಮ್ಮ ಚಕ್ರವರ್ತಿಗೆ ಮೀಸಲಿಟ್ಟುಕೊಂಡಿದ್ದರು. ಹಾಗಾಗಿ ಬಟ್ಟೆ ಗ್ರೀಕ್ ಚಕ್ರವರ್ತಿಯದು, ಲಿಪಿ ಗ್ರೀಕ್, ಪದವಿ ಮಾತ್ರ ಲ್ಯಾಟಿನ್. ಇದೇ ರಾಜ ತನ್ನ ನಾಣ್ಯಗಳ ಮೇಲೆ ಅರಬ್ಬಿಯಲ್ಲಿ 'ಅಲ್ ಮುಅತಜ್ ಬಿಲ್ಲಾ', ಅಂದರೆ ದೇವರಿಂದ ಬಲ ಪಡೆದವನು ಅಂತ ಬರೆಸಿಕೊಂಡ.

ರೋಜರ್ ಮತ್ತು ಅವನ ಮಗ, ಮೊಮ್ಮಗ ಕಟ್ಟಿಸಿದ ಕಟ್ಟಡಗಳಿಗೆ ಈಗ ಅರಬ್-ನಾರ್ಮನ್ ಶೈಲಿ ಅನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಪಲೆರ್ಮೊ, ಚೆಫಲು, ಮೊನ್ರೆಯಾಲೆ ಊರುಗಳ ಇಂಥ ಒಂಬತ್ತು ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ಬಗ್ಗೆ ಓದಿದಾಗಲೆಲ್ಲ 'ಮೂರು ಸಂಸ್ಕೃತಿಗಳ ಮಿಶ್ರಣ' ಅನ್ನುವ ಮಾತು ಬರುತ್ತದೆ. ಮಿಶ್ರಣ ಅಂದಾಗ ನಮಗೆ ಬಿಸಿಬೇಳೆಬಾತ್ ನೆನಪಾಗುತ್ತದೆ, ಎಲ್ಲ ಬೆಂದು ಒಂದಾಗಿರುವುದು. ಪಲೆರ್ಮೊದಲ್ಲಿ ಇರುವುದು ಅದಲ್ಲ, ಬಾಳೆಎಲೆ ಊಟ. ಕೋಸಂಬರಿಗೆ ಅದರದೇ ಜಾಗ, ಪಲ್ಯಕ್ಕೆ ಅದರದೇ ಜಾಗ. ಬಡಿಸುವವರು ಬೇರೆ ಬೇರೆ, ಎಲೆ ಹಾಕಿದವನು ಒಬ್ಬನೇ.

ಈ ಮೂವರು ಒಂದೇ ಊರಿಗೆ ಬಂದಿದ್ದು

ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಸಿಸಿಲಿ 535ರಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ಕೈಗೆ ಬಂತು. ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ, ಗ್ರೀಕ್ ಮಾತಾಡುವ, ತಮ್ಮನ್ನು ತಾವು ರೋಮನ್ನರೆಂದೇ ಕರೆದುಕೊಳ್ಳುತ್ತಿದ್ದ ಕ್ರೈಸ್ತರ ಕೈಗೆ. 827ರಲ್ಲಿ ಉತ್ತರ ಆಫ್ರಿಕಾದಿಂದ ಮುಸ್ಲಿಂ ಸೈನ್ಯ ಬಂದಿಳಿಯಿತು. 831ರಲ್ಲಿ ಪಲೆರ್ಮೊ ಬಿತ್ತು. ಇಡೀ ದ್ವೀಪ ಹಿಡಿಯಲು ಮಾತ್ರ ಅವರಿಗೆ ಇನ್ನೂ ಎಷ್ಟೋ ದಶಕ ಬೇಕಾಯಿತು. ಅವರ ಜೊತೆ ನಿಂಬೆ, ಹೇರಳೆ, ಹೊಸ ನೀರಾವರಿ ಪದ್ಧತಿ ಬಂದವು. ನಮ್ಮ ಕಡೆಯಿಂದ ಪರ್ಶಿಯಾ ದಾಟಿ ಹೋಗಿದ್ದ ಕಬ್ಬೂ ಬಂತು. 10ನೇ ಶತಮಾನದಲ್ಲಿ ಪಲೆರ್ಮೊ ನೋಡಿದ ಇಬ್ನ್ ಹೌಕಲ್ ಅನ್ನುವ ಪ್ರವಾಸಿ ಅಲ್ಲಿ 300ಕ್ಕೂ ಜಾಸ್ತಿ ಮಸೀದಿಗಳಿವೆ ಅಂತ ಬರೆದಿದ್ದಾನೆ.

ಆಮೇಲೆ ನಾರ್ಮನ್ನರು. ಇವರ ಮೂಲ ಉತ್ತರದ ವೈಕಿಂಗ್‌ಗಳು. 911ರಲ್ಲಿ ಫ್ರಾನ್ಸಿನ ರಾಜ ಕೊಟ್ಟ ನೆಲದಲ್ಲಿ ಬೇರೂರಿ, ಫ್ರೆಂಚ್ ಕಲಿತು ಕ್ರೈಸ್ತರಾದವರು. ಓಟ್‌ವಿಲ್ ಅನ್ನುವ ಮನೆತನದ ಒಬ್ಬ ಸಣ್ಣ ಜಮೀನುದಾರನಿಗೆ 12 ಗಂಡುಮಕ್ಕಳು. ಇದ್ದ ಜಮೀನು ಎಷ್ಟು ಜನಕ್ಕೆ ಸಾಲಬೇಕು? ಹಲವರು ಕೂಲಿ ಯೋಧರಾಗಿ ದಕ್ಷಿಣ ಇಟಲಿಗೆ ಹೋದರು. ಕೂಲಿಗೆ ಹೋದವರು ಒಡೆಯರಾದರು. 1061ರಲ್ಲಿ ಅವರಲ್ಲಿ ಇಬ್ಬರು, ರಾಬರ್ಟ್ ಮತ್ತು ಅವನ ಕಿರಿಯ ತಮ್ಮ ಮೊದಲನೇ ರೋಜರ್, ಸಮುದ್ರ ದಾಟಿ ಸಿಸಿಲಿಗೆ ಬಂದರು. 1072ರ ಜನವರಿಯಲ್ಲಿ ಪಲೆರ್ಮೊ ಅವರದಾಯಿತು. 1091ಕ್ಕೆ ಇಡೀ ದ್ವೀಪ.

ಗೆದ್ದವರು ಬೆರಳೆಣಿಕೆಯ ಜನ. ಜನಸಂಖ್ಯೆಯಲ್ಲಿ ದೊಡ್ಡ ಪಾಲು ಮುಸ್ಲಿಮರು ಮತ್ತು ಗ್ರೀಕರು. ಕಂದಾಯದ ಲೆಕ್ಕ ಗೊತ್ತಿದ್ದವರು ಅರಬ್ಬಿ ಗುಮಾಸ್ತರು. ಅವರನ್ನು ಓಡಿಸಿದರೆ ತೆರಿಗೆ ವಸೂಲಿ ಮಾಡುವವರು ಯಾರು? ಹಾಗಾಗಿ ಕಚೇರಿ ಇದ್ದ ಹಾಗೇ ನಡೆಯಿತು. ಈ ಮೊದಲನೇ ರೋಜರ್‌ನ ಹೆಂಡತಿ ಅಡಿಲೇಡ್ 1109ರಲ್ಲಿ ಬರೆಸಿದ ಒಂದು ಪತ್ರ ಇನ್ನೂ ಪಲೆರ್ಮೊದಲ್ಲಿದೆ. ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ, ಕಾಗದದ ಮೇಲೆ. ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕಾಗದದ ದಾಖಲೆಗಳಲ್ಲಿ ಅದೂ ಒಂದು. ಅವಳ ಮಗನೇ ಎರಡನೇ ರೋಜರ್, 1130ರ ಕ್ರಿಸ್‌ಮಸ್ ದಿನ ಪಲೆರ್ಮೊದಲ್ಲಿ ಕಿರೀಟ ಧರಿಸಿದವನು. ನಮ್ಮ ಮೊಸಾಯಿಕ್ ರಾಜ.

ಅರಮನೆಯೊಳಗಿನ ಪ್ರಾರ್ಥನಾಮಂದಿರ

ಈ ಶೈಲಿ ಅರ್ಥವಾಗಬೇಕಾದರೆ ಒಂದೇ ಕಟ್ಟಡ ಸಾಕು: ಕಪ್ಪೆಲ್ಲಾ ಪಲಾತಿನಾ. ರೋಜರ್ ತನ್ನ ಅರಮನೆಯ ಮಹಡಿಯಲ್ಲಿ ಕಟ್ಟಿಸಿಕೊಂಡ ಖಾಸಗಿ ಚರ್ಚ್. 1132ರಲ್ಲಿ ಶುರುವಾಯಿತು. ಗುಮ್ಮಟದ ಬುಡದ ಗ್ರೀಕ್ ಬರಹದಲ್ಲಿ 1143ಕ್ಕೆ ಹೊಂದುವ ಇಸವಿ ಇದೆ. ದೊಡ್ಡದೇನಲ್ಲ. ಒಳಗೆ ಕಾಲಿಟ್ಟವರು ಸುಮ್ನೆ ಸುತ್ತ ನೋಡಿದರೆ ಬಂಗಾರ ಬಿಟ್ಟು ಬೇರೇನೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗೋಣ.

ನೆಲದಲ್ಲಿ ಬಣ್ಣಬಣ್ಣದ ಅಮೃತಶಿಲೆ ಚೂರುಗಳನ್ನು ಕೂಡಿಸಿದ ವಿನ್ಯಾಸ. ನಡುವೆ ಉದ್ದನೆಯ ಹಜಾರ, ಎರಡೂ ಬದಿಗೆ ಕಂಬಗಳ ಸಾಲು, ಅದರಾಚೆ ಕಿರಿದಾದ ಪಕ್ಕದ ಓಣಿಗಳು. ಇದು ಪಶ್ಚಿಮದ ಲ್ಯಾಟಿನ್ ಚರ್ಚಿನ ನಕ್ಷೆ. ಕಂಬಗಳು ಹಳೆಯ ರೋಮನ್ ಕಟ್ಟಡಗಳಿಂದ ಕಿತ್ತು ತಂದಂಥವು. ಆದರೆ ಅವುಗಳ ಮೇಲಿನ ಕಮಾನುಗಳು ರೋಮನ್ನರ ಅರ್ಧವೃತ್ತದವಲ್ಲ. ತುದಿ ಚೂಪು, ಕಾಲು ಉದ್ದ. ಇವು ಮುಸ್ಲಿಂ ನಾಡುಗಳಲ್ಲಿ ಆಗಲೇ ರೂಢಿಯಲ್ಲಿದ್ದ ಕಮಾನುಗಳು. ಫ್ರಾನ್ಸಿನ ಗೋಥಿಕ್ ಚರ್ಚುಗಳು ಚೂಪು ಕಮಾನಿಗೆ ಹೆಸರಾಗುವ ಮೊದಲೇ ಇಲ್ಲಿ ಅವು ನಿಂತಿದ್ದವು.

ಕಣ್ಣು ಎತ್ತಿದರೆ ಗೋಡೆ. ಅದು ಗ್ರೀಕರ ಕಲೆ. ಗೋಡೆಗೆ ಹಸಿ ಗಾರೆ ಬಳಿದು, ಅದು ಒಣಗುವ ಮೊದಲು ಬೆರಳುಗುರಿನಷ್ಟು ಸಣ್ಣ ಗಾಜು ಮತ್ತು ಕಲ್ಲಿನ ಚೂರುಗಳನ್ನು ಒತ್ತುತ್ತಾ ಹೋಗಬೇಕು. ಬಂಗಾರದ ಚೂರು ಅಂದರೆ ಬಂಗಾರದ ತುಂಡಲ್ಲ. ಗಾಜಿನ ಮೇಲೆ ಉಸಿರಿಗೆ ಹಾರಿಹೋಗುವಷ್ಟು ತೆಳುವಾದ ಬಂಗಾರದ ಹಾಳೆ ಇಟ್ಟು, ಅದರ ಮೇಲೆ ಮತ್ತೊಂದು ತೆಳು ಗಾಜಿನ ಪೊರೆ ಕೂರಿಸಿ, ಆಮೇಲೆ ಕತ್ತರಿಸಿದ್ದು. ಈ ಚೂರುಗಳು ಒಂದೇ ಮಟ್ಟಕ್ಕೆ ಕೂತಿರುವುದಿಲ್ಲ. ಒಂದು ಸ್ವಲ್ಪ ಮೇಲೆ ನೋಡುತ್ತದೆ, ಇನ್ನೊಂದು ಪಕ್ಕಕ್ಕೆ. ನೀವು ನಾಲ್ಕು ಹೆಜ್ಜೆ ನಡೆದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ದೀಪದ ಬೆಳಕಿನಲ್ಲಂತೂ ಗೋಡೆಯೇ ಅಲುಗಾಡಿದ ಹಾಗೆ ಇರುತ್ತದೆ. ನುಣುಪಾಗಿ ಟೈಲ್ಸ್ ಹಾಕಿದ್ದರೆ ಈ ಜೀವ ಬರುತ್ತಿರಲಿಲ್ಲ.

ಇನ್ನು ಚಾವಣಿ. ನನ್ನ ಪ್ರಕಾರ ಇಡೀ ಸಿಸಿಲಿಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಹಜಾರದ ಮೇಲೆ ಮರದ ಚಾವಣಿ, ಅದರಲ್ಲಿ ಎರಡು ಸಾಲು ಎಂಟು ಮೂಲೆಯ ನಕ್ಷತ್ರಗಳು, ಸಾಲಿಗೆ ಹತ್ತರಂತೆ. ಅಂಚಿನ ಸುತ್ತ ಪುಟ್ಟ ಪುಟ್ಟ ಗೂಡುಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು, ಮೇಲಿನಿಂದ ಇಳಿಬಿದ್ದಿವೆ. ಜೇನುಹಲ್ಲೆಯನ್ನು ತಲೆಕೆಳಗಾಗಿ ತೂಗುಹಾಕಿದ ಹಾಗೆ. ಇದಕ್ಕೆ ಮುಖರ್ನಸ್ ಅನ್ನುತ್ತಾರೆ. ಅದು ಭಾರ ಹೊರುವುದಿಲ್ಲ. ನಿಜವಾದ ಸೂರು ಅದರ ಮೇಲೆ ಬೇರೆಯೇ ಇದೆ. ಬಡಗಿಗಳು ತೆಳು ಹಲಗೆಗಳನ್ನು ಬಾಗಿಸಿ, ಜೋಡಿಸಿ, ಮೇಲಿನ ತೊಲೆಗಳಿಗೆ ಸಿಕ್ಕಿಸಿದ್ದಾರೆ. ಇವತ್ತಿನ ಫಾಲ್ಸ್ ಸೀಲಿಂಗ್ ಇದ್ದ ಹಾಗೆ. ಹೋಲಿಕೆ ಸ್ವಲ್ಪ ಒರಟಾಯಿತು, ಆದರೂ ಕೆಲಸ ಅದೇ.

ಆ ಒಂದೊಂದು ಗೂಡಿನೊಳಗೂ ಚಿತ್ರ ಇದೆ. ಚಕ್ಕಳಮಕ್ಕಳ ಹಾಕಿ ಕೂತು ಬಟ್ಟಲು ಹಿಡಿದವರು. ತಂತಿವಾದ್ಯ ನುಡಿಸುವವರು, ಕೊಳಲೂದುವವರು. ಕುಣಿಯುವ ಹೆಂಗಸರು. ಚದುರಂಗ ಆಡುತ್ತಿರುವ ಇಬ್ಬರು. ಪಲ್ಲಕ್ಕಿ ಹೊತ್ತ ಒಂಟೆ. ನವಿಲು, ಹದ್ದು, ಸಿಂಹ. ಸುತ್ತ ಅರಬ್ಬಿ ಅಕ್ಷರಗಳಲ್ಲಿ ಒಡೆಯನಿಗೆ ಆರೋಗ್ಯ, ಐಶ್ವರ್ಯ, ಜಯ ಸಿಗಲಿ ಅನ್ನುವ ಹಾರೈಕೆ. ಕೆಳಗೆ ಪಾದ್ರಿ ಪೂಜೆ ಮಾಡುತ್ತಿದ್ದರೆ ಮೇಲೆ ಮದ್ಯ, ಸಂಗೀತ! ಕೈರೋದ ಫಾತಿಮಿ ಖಲೀಫರ ಆಸ್ಥಾನದ ರುಚಿಯ ಚಿತ್ರಗಳು ಇವು. ತಮಾಷೆ ಏನೆಂದರೆ ಕೈರೋದಲ್ಲಿ ಆ ಅರಮನೆಗಳೇ ಉಳಿದಿಲ್ಲ. ಆ ಲೋಕ ಹೇಗಿತ್ತು ಅಂತ ತಿಳಿಯಲು ಕ್ರೈಸ್ತ ರಾಜನ ಚರ್ಚಿನ ಚಾವಣಿ ನೋಡಬೇಕು. ಅದೂ ಕೆಳಗೆ ನಿಂತವರಿಗೆ ಸರಿಯಾಗಿ ಕಾಣುವುದಿಲ್ಲ, ಅಷ್ಟು ಎತ್ತರ, ಅಷ್ಟು ಚಿಕ್ಕ ಚಿತ್ರ. ರೋಜರ್‌ನ ಕಾಲದ ಫಿಲಗಾಥೋಸ್ ಅನ್ನುವ ಗ್ರೀಕ್ ಧರ್ಮಗುರು ಇದರ ಕೆಳಗೆ ನಿಂತು ಪ್ರವಚನ ಮಾಡುವಾಗ, ಇದು ನಕ್ಷತ್ರ ತುಂಬಿದ ಆಕಾಶದ ಹಾಗಿದೆ ಅಂತ ಹೊಗಳಿದ. ಚಿತ್ರದಲ್ಲಿ ಕುಡಿಯುತ್ತಿದ್ದವರು ಅವನಿಗೆ ಕಂಡಿರಲಿಲ್ಲವೇನೋ!

ಈ ಹಂಚಿಕೆಗೆ ಒಂದು ಕಾರಣವೂ ಇದೆ ಅನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ಪೂರ್ವದ ತುದಿಯಲ್ಲಿ ಗುಮ್ಮಟ, ಅದರಡಿ ಪೂಜೆ. ಪಶ್ಚಿಮದ ತುದಿಯಲ್ಲಿ ರಾಜನ ಪೀಠ. ಪೂರ್ವಾರ್ಧ ಬೈಜಾಂಟೈನ್ ಚರ್ಚು, ಪಶ್ಚಿಮಾರ್ಧ ಅರಬ್ಬಿ ದರ್ಬಾರು. ರಾಜ ದರ್ಬಾರಿನ ಚಾವಣಿಯ ಕೆಳಗೆ ಕೂತು ದೇವರ ಗುಮ್ಮಟವನ್ನು ನೋಡುತ್ತಿದ್ದ.

ಚೌಕದ ಮೇಲೆ ವೃತ್ತ

ಎಲೆ ಊಟದಲ್ಲೂ ಸಾರು ಹರಿದು ಪಲ್ಯಕ್ಕೆ ತಾಗುತ್ತದೆ, ಅಲ್ವಾ? ಇಲ್ಲಿ ಅದು ಆಗುವುದು ಗುಮ್ಮಟದ ಬುಡದಲ್ಲಿ.

ಗುಮ್ಮಟ ದುಂಡಗೆ ಇರುತ್ತದೆ, ಕೋಣೆ ಚೌಕ. ಚೌಕದ ಪೆಟ್ಟಿಗೆ ಮೇಲೆ ಬಾಣಲೆ ಕವುಚಿ ಹಾಕಿ ನೋಡಿ. ನಾಲ್ಕು ಬದಿಯ ನಡುವೆ ಅದು ಕೂರುತ್ತದೆ, ನಾಲ್ಕು ಮೂಲೆಯಲ್ಲಿ ಕೆಳಗೆ ಏನೂ ಇಲ್ಲ, ಬರೀ ಗಾಳಿ. ಆ ಖಾಲಿ ಜಾಗ ತುಂಬಲು ಎರಡು ಉಪಾಯ. ಬೈಜಾಂಟೈನ್ ಮೇಸ್ತ್ರಿಗಳು ಮೂಲೆಯಿಂದ ಬಾಗುತ್ತಾ ಏಳುವ ತ್ರಿಕೋನದ ತುಂಡು ಕಟ್ಟುತ್ತಿದ್ದರು. ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದಲ್ಲಿ ಇರುವುದು ಅದೇ. ಇನ್ನೊಂದು ಉಪಾಯ, ಪ್ರತಿ ಮೂಲೆಗೂ ಅಡ್ಡಲಾಗಿ ಒಂದು ಪುಟ್ಟ ಕಮಾನು ಹಾಕುವುದು. ಚೌಕ ಎಂಟು ಬದಿಯದಾಗುತ್ತದೆ, ಎಂಟು ಬದಿಯ ಮೇಲೆ ವೃತ್ತ ಕೂರಿಸುವುದು ಸುಲಭ. ಇದಕ್ಕೆ ಸ್ಕ್ವಿಂಚ್ ಅನ್ನುತ್ತಾರೆ. ಪರ್ಶಿಯಾದಿಂದ ಹೊರಟು ಮುಸ್ಲಿಂ ನಾಡುಗಳಲ್ಲೆಲ್ಲ ಹರಡಿದ ಉಪಾಯ. ಐನೂರು ವರ್ಷ ಆದಮೇಲೆ ನಮ್ಮ ವಿಜಯಪುರದಲ್ಲಿ ಗೋಳಗುಮ್ಮಟ ಕಟ್ಟಿದವರಿಗೂ ಇದೇ ಸಮಸ್ಯೆ ಬಂತು. ಅವರು ಒಂದನ್ನೊಂದು ಹಾದುಹೋಗುವ ದೊಡ್ಡ ಕಮಾನುಗಳಿಂದ ಅದನ್ನು ಬಗೆಹರಿಸಿದರು.

ಪಲೆರ್ಮೊದವರು ಸ್ಕ್ವಿಂಚ್ ಕಡೆ ವಾಲಿದರು. ಕಪ್ಪೆಲ್ಲಾ ಪಲಾತಿನಾದಲ್ಲೂ ಮಾರ್ತೊರಾನಾದಲ್ಲೂ ಆ ಮೂಲೆ ಕಮಾನುಗಳ ಗೂಡಿನೊಳಗೆ ಗ್ರೀಕ್ ಕಲಾವಿದರು ಸುವಾರ್ತೆ ಬರೆದ ನಾಲ್ವರು ಸಂತರನ್ನು ಕೂರಿಸಿದ್ದಾರೆ. ಅರಬ್ಬಿ ಮೂಲೆಯಲ್ಲಿ ಗ್ರೀಕ್ ಸಂತ. ಮಾರ್ತೊರಾನಾ ಗುಮ್ಮಟದ ಬುಡದಲ್ಲಿ ಒಂದು ಮರದ ಪಟ್ಟಿಯೂ ಇದೆ. ಅದರ ಮೇಲೆ ಅರಬ್ಬಿ ಬರಹ. ಆದರೆ ಅದು ಕುರಾನಿನದಲ್ಲ, ಗ್ರೀಕ್ ಚರ್ಚಿನ ಸ್ತೋತ್ರದ ಅರಬ್ಬಿ ಅನುವಾದ. ಅರಬ್ಬಿ ಕಂಡ ಕೂಡಲೇ ಇಸ್ಲಾಂ ಅಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಈ ಚರ್ಚನ್ನು 1143ರ ಹೊತ್ತಿಗೆ ಕಟ್ಟಿಸಿದವನು ರೋಜರ್‌ನ ನೌಕಾಧಿಪತಿ, ಅಂಟಿಯೋಕ್‌ನ ಜಾರ್ಜ್. ಸಿರಿಯಾ ಕಡೆಯ ಕ್ರೈಸ್ತ. ಮೊದಲು ಉತ್ತರ ಆಫ್ರಿಕಾದ ಮುಸ್ಲಿಂ ಅರಸನ ಬಳಿ ಕೆಲಸಕ್ಕಿದ್ದ. ಗ್ರೀಕ್, ಅರಬ್ಬಿ ಎರಡೂ ಬಲ್ಲವನು. ಅವನ ಹುದ್ದೆಯ ಹೆಸರು ಅರಬ್ಬಿಯ 'ಅಮೀರ್' ಪದದಿಂದ ಬಂದದ್ದು. ಇವತ್ತಿನ 'ಅಡ್ಮಿರಲ್' ಕೂಡ ಅದೇ ಬೇರಿನದು.

ಪಲೆರ್ಮೊದ ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಸಾನ್ ಕತಾಲ್ದೊ ಚರ್ಚಿನ ಮೂರು ಕೆಂಪು ಗುಮ್ಮಟಗಳ ಬಗ್ಗೆ ಒಂದು ಮಾತು. ಪಕ್ಕಾ ಅರಬ್ಬಿ ಅಂತ ಎಲ್ಲರೂ ತೋರಿಸುವುದು ಅದನ್ನೇ. ಗುಮ್ಮಟ 12ನೇ ಶತಮಾನದ್ದು, ನಿಜ. ಆ ಕೆಂಪು ಬಣ್ಣ 19ನೇ ಶತಮಾನದ ಜೀರ್ಣೋದ್ಧಾರದವರ ಕಾಣಿಕೆ.

ನಾರ್ಮನ್ ಪಾಲು ಯಾವುದು?

ಇಷ್ಟು ಓದಿದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ಚಾವಣಿ ಅರಬ್ಬಿ, ಗೋಡೆ ಗ್ರೀಕ್. ಹಾಗಾದರೆ ನಾರ್ಮನ್ ಎಲ್ಲಿ? ಪಲೆರ್ಮೊದಲ್ಲಿ 'ನಾರ್ಮನ್' ಅನ್ನುವುದು ಶೈಲಿಗಿಂತ ಹೆಚ್ಚಾಗಿ ಮಾಲೀಕನ ಹೆಸರು ಅಂತ ನನಗನ್ನಿಸುತ್ತದೆ. 'ಅರಬ್-ನಾರ್ಮನ್' ಅನ್ನುವ ಹೆಸರಿನಲ್ಲಿ ಗ್ರೀಕರನ್ನು ಬಿಟ್ಟಿರುವುದು ಇನ್ನೂ ಅನ್ಯಾಯ.

ನಾರ್ಮನ್ನರ ಮೈಕಟ್ಟು ಚೆನ್ನಾಗಿ ಕಾಣುವುದು ಚೆಫಲುವಿನಲ್ಲಿ. 1131ರಲ್ಲಿ ರೋಜರ್ ಶುರು ಮಾಡಿಸಿದ ಮಹಾಚರ್ಚು, ಮುಂದೆ ಎರಡು ದಪ್ಪ ಗೋಪುರ, ಕೋಟೆಯ ಹಾಗೆ. ಉತ್ತರದ ಚರ್ಚುಗಳ ಗತ್ತು. ಒಳಗೆ ಒಂದು ತೊಡಕು ಬಂತು. ಬೈಜಾಂಟೈನ್ ರೂಢಿಯಲ್ಲಿ ಜಗದೊಡೆಯ ಕ್ರಿಸ್ತನ ಜಾಗ ಗುಮ್ಮಟದ ನೆತ್ತಿ. ಇಲ್ಲಿ ಗುಮ್ಮಟವೇ ಇಲ್ಲ. ಗ್ರೀಕ್ ಕಲಾವಿದರು ಕ್ರಿಸ್ತನನ್ನು ಪೂಜಾಸ್ಥಾನದ ಹಿಂದಿನ ಅರ್ಧಗೋಳದ ಗೂಡಿಗೆ ಇಳಿಸಿದರು. 1148ರಲ್ಲಿ ಮುಗಿದ ಆ ಮುಖ ಇಡೀ ಚರ್ಚನ್ನು ತುಂಬಿಕೊಂಡಿದೆ. ಕೈಯಲ್ಲಿ ತೆರೆದ ಪುಸ್ತಕ. ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್. ಎರಡರಲ್ಲೂ ಒಂದೇ ಮಾತು: ನಾನೇ ಲೋಕದ ಬೆಳಕು.

ರೋಜರ್‌ನ ಮೊಮ್ಮಗ ಎರಡನೇ ವಿಲಿಯಂ 1170ರ ದಶಕದಲ್ಲಿ ಮೊನ್ರೆಯಾಲೆಯಲ್ಲಿ ಇದನ್ನೇ ಬೃಹತ್ತಾಗಿ ಮಾಡಿಸಿದ. 6000 ಚದರ ಮೀಟರ್‌ಗೂ ಜಾಸ್ತಿ ಮೊಸಾಯಿಕ್. ಪಕ್ಕದ ಅಂಗಳದ ಸುತ್ತ ಜೋಡಿಜೋಡಿಯಾಗಿ ನಿಂತ 228 ಕಂಬ, ಹಲವಕ್ಕೆ ಬಣ್ಣದ ಚೂರು ಕೂರಿಸಿದ ಪಟ್ಟೆಗಳು. ಚರ್ಚಿನೊಳಗಿನ ಮೊಸಾಯಿಕ್ ಸಂತರ ಸಾಲಿನಲ್ಲಿ ಇಂಗ್ಲೆಂಡಿನ ಥಾಮಸ್ ಬೆಕೆಟ್ ನಿಂತಿದ್ದಾನೆ. 1170ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಕಡೆಯವರು ಕೊಂದಿದ್ದು ಇವನನ್ನೇ. ಆ ಹೆನ್ರಿಯ ಮಗಳೇ ವಿಲಿಯಂನ ಹೆಂಡತಿ. ಮಾವನ ಪಾಪವನ್ನು ಅಳಿಯ ಗೋಡೆ ಮೇಲೆ ಬರೆಸಿದ್ದು ಯಾಕೆ ಅಂತ ಯೋಚಿಸಲು ಒಳ್ಳೆಯ ವಿಷಯ.

ದೇವರ ಕೆಲಸ ಬಿಟ್ಟು ತಮ್ಮ ಸುಖಕ್ಕೆ ಕಟ್ಟಿಸಿದಾಗ ಈ ರಾಜರು ಹೆಚ್ಚಾಗಿ ಅರಬ್ಬಿ ಮಾದರಿಯನ್ನೇ ಹಿಡಿದರು. ವಿಲಿಯಂನ ಅಪ್ಪ ಮೊದಲನೇ ವಿಲಿಯಂ ಶುರು ಮಾಡಿದ ಝೀಸಾ ಅರಮನೆ ಬೇಸಿಗೆ ಕಳೆಯುವ ಜಾಗ. ಹೆಸರು ಅರಬ್ಬಿಯ 'ಅಲ್ ಅಜೀಜಾ' ಪದದಿಂದ. ಕೆಳಗಿನ ಹಜಾರದ ಗೋಡೆಯಲ್ಲಿ ಒಂದು ಚಿಲುಮೆ. ನೀರು ಗೆರೆ ಕೊರೆದ ಓರೆ ಅಮೃತಶಿಲೆ ಹಲಗೆಯ ಮೇಲೆ ತೆಳುವಾಗಿ ಹರಿದು, ನೆಲದ ಕಾಲುವೆಯಲ್ಲಿ ಸಾಗಿ, ಹೊರಗಿನ ಕೊಳಕ್ಕೆ ಹೋಗುತ್ತಿತ್ತು. ಬಾಗಿಲುಗಳು ಸಮುದ್ರದ ಕಡೆ. ಗಾಳಿ ಕೊಳದ ಮೇಲೆ ಬೀಸಿ, ನೀರನ್ನು ಸವರಿ, ತಂಪಾಗಿ ಒಳಗೆ ಬರಬೇಕು. ಒಳಗಿನ ಬಿಸಿಗಾಳಿ ಗೋಡೆಯೊಳಗಿನ ಕಿಂಡಿಗಳಿಂದ ಮೇಲಕ್ಕೆ ಹೋಗಬೇಕು. ಇಲ್ಲಿನ ಗೂಡುಗಳಲ್ಲೂ ಮುಖರ್ನಸ್ ಇದೆ.

ಸೌಹಾರ್ದವೋ, ಠೀವಿಯೋ

ರೋಜರ್ ಹೊಸ ರಾಜ. ಅವನಿಗೆ ಕಿರೀಟ ಕೊಡಿಸಿದ ಪೋಪ್ ಅನಾಕ್ಲೀಟಸ್‌ನನ್ನೇ ಅರ್ಧ ಯುರೋಪು ಪೋಪ್ ಅಂತ ಒಪ್ಪಿರಲಿಲ್ಲ. ಪೂರ್ವಕ್ಕೆ ಕಾನ್‌ಸ್ಟಾಂಟಿನೋಪಲ್, ದಕ್ಷಿಣಕ್ಕೆ ಕೈರೋ, ಎರಡೂ ಹಳೆಯ ದೊಡ್ಡಮನೆಗಳು. ಮೊನ್ನೆ ಮೊನ್ನೆ ಕುದುರೆ ಇಳಿದ ಮನೆತನದವನು ಅವರ ಸಾಲಿನಲ್ಲಿ ಕೂರಬೇಕಾದರೆ ಅವರಲ್ಲಿ ಇರುವುದೆಲ್ಲ ತನ್ನಲ್ಲೂ ಇದೆ ಅಂತ ತೋರಿಸಬೇಕಿತ್ತು. ತೋರಿಸಿದ. ಅರಮನೆಯ ನೀರುಗಡಿಯಾರದ ಬಗ್ಗೆ 1142ರಲ್ಲಿ ಕೆತ್ತಿಸಿದ ಕಲ್ಲೂ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಇದೆ.

ಹಾಗಂತ ಊರಲ್ಲಿ ಎಲ್ಲರೂ ಕೂಡಿ ನಲಿಯುತ್ತಿದ್ದರು ಅಂತಲ್ಲ. 1161ರಲ್ಲಿ ರಾಜನ ವಿರುದ್ಧ ದಂಗೆ ಎದ್ದಾಗ ಪಲೆರ್ಮೊದಲ್ಲಿ ಮುಸ್ಲಿಮರ ಕೊಲೆಗಳಾದವು. 1184ರಲ್ಲಿ ಮೆಕ್ಕಾದಿಂದ ಸ್ಪೇನಿಗೆ ಮರಳುತ್ತಿದ್ದ ಇಬ್ನ್ ಜುಬೈರ್ ಅನ್ನುವ ಮುಸ್ಲಿಂ ಯಾತ್ರಿಕ, ತನ್ನ ಹಡಗು ಒಡೆದುಹೋಗಿ, ಸಿಸಿಲಿಗೆ ಬಂದ. ಅರಬ್ಬಿ ಓದಬಲ್ಲ ಎರಡನೇ ವಿಲಿಯಂ ರಾಜನನ್ನು ಮೆಚ್ಚಿದ. ಕ್ರಿಸ್‌ಮಸ್ ದಿನ ಮಾರ್ತೊರಾನಾ ಚರ್ಚು ಕಂಡು ಬೆರಗಾದ. ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರ ಹಾಗೆ ರೇಷ್ಮೆ ಉಟ್ಟು, ಮುಸುಕು ಹಾಕಿ ಬಂದಿದ್ದರು ಅಂತ ಬರೆದ. ಇಷ್ಟೆಲ್ಲ ಹೊಗಳಿದ ಮೇಲೆ, ಈ ಕಟ್ಟಡದಿಂದ ಬೇಗ ಬಾಂಗ್ ಕೇಳಿಸಲಿ ಅಂತ ಹಾರೈಸಿದ! ಸಿಸಿಲಿಯ ಮುಸ್ಲಿಮರ ಭಯ, ಸಂಕಟಗಳನ್ನೂ ಅವನು ದಾಖಲಿಸಿದ್ದಾನೆ. ಐದು ವರ್ಷದಲ್ಲಿ ವಿಲಿಯಂ ಸತ್ತ. ಮುಸ್ಲಿಮರ ಮೇಲೆ ದಾಳಿಗಳಾದವು, ಅವರು ಬೆಟ್ಟಗಳಿಗೆ ಓಡಿದರು. 1220ರ ದಶಕದಿಂದ ರೋಜರ್‌ನ ಮಗಳ ಮಗ, ಚಕ್ರವರ್ತಿ ಎರಡನೇ ಫ್ರೆಡೆರಿಕ್ ಅವರನ್ನು ಸಾವಿರಗಟ್ಟಲೆ ಕಿತ್ತು ಇಟಲಿಯ ಲುಚೇರಾ ಊರಿಗೆ ಸಾಗಿಸಿದ. ಆಮೇಲೆ ಸಿಸಿಲಿಯಲ್ಲಿ ಅಂಥ ಚಾವಣಿ ಮತ್ತೆ ಯಾರೂ ಕಟ್ಟಲಿಲ್ಲ.

ಝೀಸಾ ಅರಮನೆ ಈಗ ಮ್ಯೂಸಿಯಂ. ಅಲ್ಲಿ ಒಂದು ಗೋರಿಕಲ್ಲು ಇದೆ, ದೊಡ್ಡದಲ್ಲ. ಗ್ರಿಸಾಂದುಸ್ ಅನ್ನುವ ಪಾದ್ರಿ ತನ್ನ ತಾಯಿ ಅನ್ನಾಳ ನೆನಪಿಗೆ 1149ರಲ್ಲಿ ಹಾಕಿಸಿದ್ದು. ನಡುವೆ ಬಣ್ಣದ ಕಲ್ಲಿನಲ್ಲಿ ಒಂದು ಶಿಲುಬೆ. ಸುತ್ತ ನಾಲ್ಕು ಬರಹ. ಎಡಕ್ಕೆ ಲ್ಯಾಟಿನ್, ಬಲಕ್ಕೆ ಗ್ರೀಕ್, ಕೆಳಗೆ ಅರಬ್ಬಿ. ಮೇಲೆ ಇರುವುದು ಯೆಹೂದ್ಯರ ಹೀಬ್ರೂ ಲಿಪಿ, ಆದರೆ ಭಾಷೆ ಅರಬ್ಬಿ. ಅವಳು ಸತ್ತ ವರ್ಷವನ್ನು ಒಬ್ಬೊಬ್ಬರ ಲೆಕ್ಕದಲ್ಲಿ ಬರೆದಿದೆ. ಲ್ಯಾಟಿನ್‌ನಲ್ಲಿ 1148, ಗ್ರೀಕ್‌ನಲ್ಲಿ 6656, ಅರಬ್ಬಿಯಲ್ಲಿ 543, ಹೀಬ್ರೂ ಲಿಪಿಯಲ್ಲಿ 4908.